ಮರ ಮತ್ತು ಬಳ್ಳಿ: ಜೀನ್ ಮರದ ತಪ್ಪುಗಳನ್ನು ಹಂತ ಹಂತವಾಗಿ ತಿದ್ದುವ ಬಗೆ

ನಮ್ಮ ತೀರ್ಥಹಳ್ಳಿ ಕಡೆ ಮನೆ ಹಿಂದಿನ ಹಲಸಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ದೂರದಿಂದ ನೋಡಿದರೆ ಮರ ಕವಲೊಡೆದ ಕಡೆಯೆಲ್ಲ ಬಳ್ಳಿಯೂ ಕವಲೊಡೆದು ಜೊತೆಗೇ ಏರಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ನೋಡಿ. ಒಂದು ಕಡೆ ಮರದ ಕೊಂಬೆ ಒಂದೇ ಇದ್ದರೂ ಬಳ್ಳಿ ಎರಡಾಗಿರುತ್ತದೆ. ಇನ್ನೊಂದು ಕಡೆ ಒಂದು ಎಳೆ ಸೊರಗು ರೋಗಕ್ಕೆ ಒಣಗಿ ಹೋಗಿರುತ್ತದೆ. ಅಪರೂಪಕ್ಕೆ ಒಂದು ಕುಡಿ ಪಕ್ಕದ ಮರಕ್ಕೇ ದಾಟಿರುತ್ತದೆ.

ಪ್ರಭೇದಗಳ ಮರಕ್ಕೂ ಜೀನ್ ಮರಕ್ಕೂ ಇರುವ ನಂಟು ಇದೇ. ಹಾವುಗಳು ಯಾವ ಕ್ರಮದಲ್ಲಿ ಒಂದರಿಂದ ಒಂದು ಬೇರೆಯಾದವು ಅನ್ನುವುದು ಹಲಸಿನ ಮರ. ಆ ಹಾವುಗಳ ಒಳಗೆ ಒಂದು ವಿಷದ ಜೀನ್ ಹೇಗೆ ಸಾಗಿ ಬಂತು ಅನ್ನುವುದು ಬಳ್ಳಿ. ಬಳ್ಳಿ ಎರಡಾದರೆ ಜೀನ್ ಇಮ್ಮಡಿಯಾಯಿತು. ಒಣಗಿದರೆ ಜೀನ್ ಕಳೆದುಹೋಯಿತು. ದಾಟಿದರೆ ಅಡ್ಡ ವರ್ಗಾವಣೆ. ಇದು ಬ್ಯಾಕ್ಟೀರಿಯಾಗಳಲ್ಲಿ ಜಾಸ್ತಿ, ಪ್ರಾಣಿಗಳಲ್ಲಿ ತೀರಾ ಕಡಿಮೆ.

ಬಳ್ಳಿ ಬೆಳೆದದ್ದನ್ನು ನಾವು ಯಾರೂ ನೋಡಿಲ್ಲ. ಇವತ್ತಿನ ತುದಿ ಎಲೆಗಳಷ್ಟೇ ಕೈಯಲ್ಲಿವೆ. ಅವುಗಳ ಸೀಕ್ವೆನ್ಸ್, ಅಂದರೆ ಡಿಎನ್‌ಎ ಅಥವಾ ಪ್ರೋಟೀನಿನ ಅಕ್ಷರಗಳ ಸಾಲು, ಹೋಲಿಸಿ ಒಳಗಿನ ಕವಲುಗಳನ್ನು ಊಹಿಸುತ್ತೇವೆ. ಆ ಊಹೆ ಎಷ್ಟೋ ಸಲ ತಪ್ಪುತ್ತದೆ. ತಪ್ಪಿದ ಬಳ್ಳಿಯನ್ನು ಮರದ ಜೊತೆ ತಾಳೆ ಹಾಕಿದರೆ, ನಡೆಯದೇ ಇದ್ದ ಇಮ್ಮಡಿಗಳೂ ನಷ್ಟಗಳೂ ಹುಟ್ಟಿಕೊಳ್ಳುತ್ತವೆ. ಅದನ್ನು ತಡೆಯುವ ಕೆಲಸವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಸಾಕು.

ಉದಾಹರಣೆಗೆ ಹಾವಿನ ವಿಷದ ಮೂರು ಬೆರಳಿನ ಟಾಕ್ಸಿನ್‌ಗಳನ್ನು ತೆಗೆದುಕೊಳ್ಳೋಣ. ಆಗುಂಬೆ ನಮ್ಮ ತಾಲ್ಲೂಕಿನದೇ, ಕಾಳಿಂಗದ ಊರು ಅಂತಲೇ ಹೆಸರಾದದ್ದು. ಹಾಗಾಗಿ ಇಲ್ಲಿನ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಆಸಕ್ತಿ ತಾನಾಗಿ ಹುಟ್ಟುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಜೀನ್ ಮರ ತಪ್ಪಾಗಲು ಏನೇನು ಬೇಕೋ ಅದೆಲ್ಲ ಈ ಕುಟುಂಬದಲ್ಲಿದೆ.

ಈ ಕೆಲಸ ನಿಮಗೆ ಬೇಕಾ?

ಎಲ್ಲರಿಗೂ ಬೇಕಾಗಿಲ್ಲ. ಮಂಗನ ಕಾಯಿಲೆಯ ವೈರಸ್ ಮೇಲೆ ಕೆಲಸ ಮಾಡುವ ಒಬ್ಬ ಹುಡುಗಿ ನನ್ನನ್ನು ಇದೇ ಪ್ರಶ್ನೆ ಕೇಳಿದ್ದಳು. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್‌ನ ಜೀನುಗಳೆಲ್ಲ ಒಂದೇ ಆರ್‌ಎನ್‌ಎ ಎಳೆಯ ಮೇಲಿವೆ. ಅಲ್ಲಿ ಇಡೀ ಎಳೆಯಿಂದ ಒಂದೇ ಮರ ಕಟ್ಟುವುದು ಸರಿಯಾದ ದಾರಿ. ಅವಳಿಗೆ ಹಾಗೇ ಹೇಳಿದೆ.

ಒಂದು ಜೀನ್ ಕುಟುಂಬದಲ್ಲಿ ಹಲವು ಪ್ರತಿಗಳಿದ್ದು, ಯಾವುದು ಯಾವಾಗ ಹುಟ್ಟಿತು, ಯಾವ ಪ್ರಾಣಿಯಲ್ಲಿ ಯಾವುದು ಕಳೆದುಹೋಯಿತು ಅಂತ ತಿಳಿಯಬೇಕಾದರೆ ಈ ಕೆಲಸ ಬೇಕೇ ಬೇಕು. ಎರಡು ಪ್ರಭೇದಗಳಲ್ಲಿ ನಿಜಕ್ಕೂ ಒಂದಕ್ಕೊಂದು ಸಮನಾದ ಜೀನ್ ಯಾವುದು ಅಂತ ಹುಡುಕುವಾಗಲೂ ಬೇಕು.

ತಪ್ಪು ಎಲ್ಲಿಂದ ಬರುತ್ತದೆ

ಬಳ್ಳಿ ಮತ್ತು ಮರ ಹೊಂದದೆ ಇರುವುದಕ್ಕೆ ಎರಡು ಬಗೆಯ ಕಾರಣಗಳಿವೆ. ಒಂದು, ನಿಜವಾಗಿ ನಡೆದ ಘಟನೆ: ಇಮ್ಮಡಿ, ನಷ್ಟ, ವರ್ಗಾವಣೆ ಇತ್ಯಾದಿ. ಇನ್ನೊಂದು, ನಮ್ಮ ಊಹೆಯ ತಪ್ಪು. ಎರಡನ್ನೂ ಬೇರೆ ಮಾಡುವುದೇ ಇಡೀ ಕೆಲಸದ ತಿರುಳು.

ಮೂರು ಬೆರಳಿನ ಟಾಕ್ಸಿನ್‌ಗಳನ್ನೇ ನೋಡಿ. ಮಾಗಿದ ಪ್ರೋಟೀನಿನಲ್ಲಿ ಸುಮಾರು 60ರಿಂದ 75 ಅಮೈನೋ ಆಮ್ಲಗಳು ಮಾತ್ರ. 40 ಸೀಕ್ವೆನ್ಸ್‌ಗಳ ಮರ ಕಟ್ಟುತ್ತೀರಿ ಅಂದುಕೊಳ್ಳಿ. ಬುಡ ಗೊತ್ತಿಲ್ಲದ ಮರದಲ್ಲಿ ಎಲೆಗಳ ಎರಡರಷ್ಟರಿಂದ 3 ಕಳೆದಷ್ಟು ಕವಲುಗಳಿರುತ್ತವೆ. ಅಂದರೆ 77. ಪ್ರತಿ ಕವಲಿನ ಉದ್ದವನ್ನೂ, ಅಂದರೆ ಅಲ್ಲಿ ಎಷ್ಟು ಬದಲಾವಣೆ ಆಯಿತು ಅನ್ನುವುದನ್ನೂ, ಲೆಕ್ಕ ಹಾಕಬೇಕು. ಕೈಯಲ್ಲಿರುವುದು 65 ಅಂಕಣಗಳ ಮಾಹಿತಿ, ಒಂದೊಂದು ಅಮೈನೋ ಆಮ್ಲದ ಜಾಗಕ್ಕೆ ಒಂದೊಂದು ಅಂಕಣ. ಕೇಳುವ ಪ್ರಶ್ನೆಗಳೇ ಉತ್ತರಕ್ಕಿಂತ ಜಾಸ್ತಿ ಆಯಿತಲ್ವಾ? ಇದರ ಮೇಲೆ, ಬರೇ 10 ಎಲೆಗಳಿಗೂ ಬುಡವಿಲ್ಲದ ಮರದ ಆಕಾರಗಳು 20,27,025 ಇವೆ. ಇಷ್ಟು ಕಡಿಮೆ ಮಾಹಿತಿಯಲ್ಲಿ ಸಾವಿರಾರು ಆಕಾರಗಳು ಹೆಚ್ಚುಕಡಿಮೆ ಒಂದೇ ಅಂಕ ಪಡೆಯುತ್ತವೆ. ಸಾಫ್ಟ್‌ವೇರ್ ಅದರಲ್ಲಿ ಕೂದಲೆಳೆಯಷ್ಟು ಮುಂದಿರುವ ಒಂದನ್ನು ತೆಗೆದು ಕೊಡುತ್ತದೆ. ನಾವು ಅದನ್ನೇ ಸತ್ಯ ಅಂದುಕೊಳ್ಳುತ್ತೇವೆ.

ಎರಡನೆಯ ಕಾರಣ ಬದಲಾವಣೆಯ ವೇಗ. ಈ ಜೀನುಗಳಲ್ಲಿ ಪ್ರೋಟೀನ್ ಬರೆಯುವ ಭಾಗವೇ ಪ್ರೋಟೀನ್ ಬರೆಯದ ಪಕ್ಕದ ಇಂಟ್ರಾನ್ ಭಾಗಕ್ಕಿಂತ ಬೇಗ ಬದಲಾಗಿದೆ. ಸಾಮಾನ್ಯ ಜೀನುಗಳಲ್ಲಿ ಇದು ಉಲ್ಟಾ. ಹೀಗೆ ಓಡುವ ಎರಡು ಉದ್ದ ಕವಲುಗಳು ನಂಟಿಲ್ಲದಿದ್ದರೂ ಮರದಲ್ಲಿ ಪಕ್ಕಪಕ್ಕ ಬಂದು ಕೂರಬಹುದು. ಜೋ ಫೆಲ್ಸನ್‌ಸ್ಟೈನ್ 1978ರಲ್ಲೇ ಈ ಉದ್ದ ಕವಲುಗಳ ಸೆಳೆತದ ಬಗ್ಗೆ ಎಚ್ಚರಿಸಿದ್ದರು.

ಉಳಿದ ಕಾರಣಗಳು ಕೆಲಸದ ಮೇಜಿನ ಮೇಲಿನವು: ಕೆಟ್ಟ ಅಲೈನ್‌ಮೆಂಟ್ (ಸೀಕ್ವೆನ್ಸ್‌ಗಳನ್ನು ಒಂದರ ಕೆಳಗೊಂದು ಹೊಂದಿಸುವುದು), ಹೊಂದದ ಮಾದರಿ (ಸೀಕ್ವೆನ್ಸ್ ಹೇಗೆ ಬದಲಾಗುತ್ತದೆ ಅನ್ನುವ ಲೆಕ್ಕ), ತಪ್ಪು ಜಾಗದಲ್ಲಿ ಇಟ್ಟ ಬುಡ, ಅರ್ಧಂಬರ್ಧ ಸೀಕ್ವೆನ್ಸ್. ಇವನ್ನು ಮೊದಲು ಸರಿ ಮಾಡದೆ ಮುಂದೆ ಹೇಳುವ ಯಾವ ವಿಧಾನ ಹಚ್ಚಿದರೂ ಉಪಯೋಗವಿಲ್ಲ.

ಹಂತ 1: ಸೀಕ್ವೆನ್ಸ್‌ಗಳನ್ನು ಕೇರಿ ಹಸನು ಮಾಡಿ

ಒಟ್ಟು ಸಮಯದ ಅರ್ಧವನ್ನು ಇಲ್ಲಿಗೇ ಇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಾರಣ ಇದೆ. ಒಮ್ಮೆ ಒಂದು ಕುಟುಂಬದಲ್ಲಿ ಕಾಳಿಂಗಕ್ಕೆ ಮಾತ್ರ ಹೊಸದಾಗಿ ಬಂದ ಮೂರು ಪ್ರತಿಗಳು ಕಂಡವು. ತುಂಬಾ ಖುಷಿಯಾಗಿತ್ತು. ಎರಡು ತಿಂಗಳು ಅದರ ಹಿಂದೆಯೇ ಹೋದೆ. ಕೊನೆಗೆ ನೋಡಿದರೆ ಅವು ಮೂರೂ ಒಂದೇ ಜೀನಿನಿಂದ ಬಂದ ಬೇರೆ ಬೇರೆ ಟ್ರಾನ್ಸ್‌ಕ್ರಿಪ್ಟ್‌ಗಳು, ಅಂದರೆ ಆರ್‌ಎನ್‌ಎ ನಕಲುಗಳು. ಜೀನ್ ಒಂದೇ ಇತ್ತು, ಇಮ್ಮಡಿ ಆಗಿರಲೇ ಇಲ್ಲ.

ಆದ್ದರಿಂದ ಒಂದು ಜೀನಿಗೆ ಒಂದೇ ಟ್ರಾನ್ಸ್‌ಕ್ರಿಪ್ಟ್ ಇಟ್ಟುಕೊಳ್ಳಿ, ಸಾಮಾನ್ಯವಾಗಿ ಉದ್ದನೆಯದು. ವಿಷಗ್ರಂಥಿಯ ಟ್ರಾನ್ಸ್‌ಕ್ರಿಪ್ಟೋಮ್‌ನಿಂದ ಬಂದ ಸೀಕ್ವೆನ್ಸ್ ಆದರೆ ಇನ್ನೂ ಜಾಗ್ರತೆ ಬೇಕು. ಒಂದನ್ನೊಂದು ತುಂಬಾ ಹೋಲುವ ಪ್ರತಿಗಳಿದ್ದಾಗ ಜೋಡಣೆಯ ಸಾಫ್ಟ್‌ವೇರ್ ಒಂದರ ತಲೆಗೆ ಇನ್ನೊಂದರ ಬಾಲ ಸೇರಿಸಿಬಿಡುತ್ತದೆ. ಅಂಥ ಬೆರಕೆ ಸೀಕ್ವೆನ್ಸ್ ಮರದಲ್ಲಿ ಎಲ್ಲೂ ಸರಿಯಾಗಿ ಕೂರುವುದಿಲ್ಲ. ಅನುಮಾನ ಬಂದರೆ ಅದನ್ನು ಎರಡು ತುಂಡು ಮಾಡಿ, ಪ್ರತಿ ತುಂಡೂ ಯಾವುದಕ್ಕೆ ಹತ್ತಿರ ಅಂತ ಬೇರೆ ಬೇರೆ ನೋಡಿ. ಎರಡು ಉತ್ತರ ಬಂದರೆ ಆ ಸೀಕ್ವೆನ್ಸ್ ಬಿಟ್ಟುಬಿಡಿ. ಒಂದೇ ಹಾವಿನ ಅಪ್ಪನ ಕಡೆಯ ಮತ್ತು ಅಮ್ಮನ ಕಡೆಯ ಪ್ರತಿಗಳೂ ಎರಡು ಜೀನುಗಳ ವೇಷ ಹಾಕಿ ಬರಬಹುದು. ಜೀನೋಮ್ ಸಿಕ್ಕರೆ ಅದರಲ್ಲಿ ಜಾಗ ನೋಡಿ ಖಚಿತ ಮಾಡಿಕೊಳ್ಳಿ.

ಹೆಸರಿನ ಬಗ್ಗೆಯೂ ಒಂದು ಮಾತು. 2024ರಲ್ಲಿ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದಗಳಾಗಿ ಬೇರ್ಪಡಿಸಿದರು. ನಮ್ಮ ಪಶ್ಚಿಮಘಟ್ಟದ್ದಕ್ಕೆ ಕನ್ನಡದ ಹೆಸರೇ ನಿಂತಿದೆ: ಓಫಿಯೋಫೇಗಸ್ ಕಾಳಿಂಗ. ಆದರೆ 2013ರಲ್ಲಿ ಪ್ರಕಟವಾದ ಕಾಳಿಂಗದ ಜೀನೋಮ್ ಇಂಡೋನೇಷ್ಯಾದ ಹಾವಿನದು. ಅದಕ್ಕೆ ಅಂದಿನ ಹೆಸರೇ ಅಂಟಿಕೊಂಡಿದೆ. ಆಗುಂಬೆಯ ಹಾವಿನ ಸೀಕ್ವೆನ್ಸ್ ಜೊತೆ ಅದನ್ನು ಒಂದೇ ಹೆಸರಿನಡಿ ಸೇರಿಸಿದರೆ, ಎರಡು ಪ್ರಭೇದಗಳ ಒಂದೊಂದು ಪ್ರತಿ ಒಂದೇ ಪ್ರಭೇದದ ಎರಡು ಪ್ರತಿಗಳಾಗಿ ಕಾಣುತ್ತವೆ. ಸುಮ್ನೆ ಒಂದು ಇಮ್ಮಡಿ ಹುಟ್ಟುತ್ತದೆ. ಪ್ರತಿ ಸೀಕ್ವೆನ್ಸ್ ಹೆಸರಿನ ಮುಂದೆ ಪ್ರಭೇದದ ಗುರುತು ಹಾಕಿ, ಯಾವ ಗುರುತು ಯಾವ ಹಾವು ಅಂತ ಒಂದು ಪಟ್ಟಿ ಬರೆದಿಡಿ. ಮುಂದಿನ ಸಾಫ್ಟ್‌ವೇರ್‌ಗಳೆಲ್ಲ ಅದನ್ನೇ ಕೇಳುತ್ತವೆ.

ಹಂತ 2: ಅಲೈನ್‌ಮೆಂಟ್

ಪ್ರೋಟೀನ್ ಸೀಕ್ವೆನ್ಸ್‌ಗಳನ್ನು ಮ್ಯಾಫ್ಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹೊಂದಿಸಿ. ಇನ್ನೂರು ಸೀಕ್ವೆನ್ಸ್ ಒಳಗಿದ್ದರೆ ಅದರ ನಿಧಾನದ, ನಿಖರವಾದ ಎಲ್-ಐಎನ್‌ಎಸ್-ಐ ಕ್ರಮವನ್ನೇ ಬಳಸಿ. ಆಮೇಲೆ ಅದನ್ನೇ ಅಚ್ಚಾಗಿಟ್ಟುಕೊಂಡು ಡಿಎನ್‌ಎ ಅಕ್ಷರಗಳನ್ನು ಮೂರು ಮೂರರಂತೆ ಹೊಂದಿಸಬಹುದು. ಹತ್ತಿರದ ಪ್ರಭೇದಗಳಿದ್ದರೆ ಡಿಎನ್‌ಎಯಲ್ಲಿ ಮಾಹಿತಿ ಜಾಸ್ತಿ ಸಿಗುತ್ತದೆ.

ಫೈಲ್ ತೆರೆದು ಕಣ್ಣಿನಿಂದ ನೋಡಿ. ಈ ಟಾಕ್ಸಿನ್‌ಗಳಲ್ಲಿ ನಾಲ್ಕು ಗಂಧಕದ ಸೇತುವೆಗಳಿವೆ, ಅಂದರೆ ಎಂಟು ಸಿಸ್ಟೀನ್‌ಗಳು. ಅವು ನೇರ ಕಂಬಗಳ ಹಾಗೆ ಮೇಲಿಂದ ಕೆಳಗೆ ನಿಲ್ಲಬೇಕು. ಉದ್ದ ಸರಪಳಿಯ ಬಗೆಯಲ್ಲಿ ಐದನೆಯ ಸೇತುವೆಯೂ ಇರುತ್ತದೆ. ಕಂಬ ವಾಲಿದ್ದರೆ ಅಲ್ಲಿ ಅಲೈನ್‌ಮೆಂಟ್ ಕೆಟ್ಟಿದೆ. ನಿಮ್ಮ ಕುಟುಂಬ ಬೇರೆಯಾದರೆ ಅದಕ್ಕೂ ಇಂಥದೇ ಒಂದು ಗುರುತು ಇದ್ದೇ ಇರುತ್ತದೆ, ಹುಡುಕಿಕೊಳ್ಳಿ.

ಅನುಮಾನದ ಅಂಕಣಗಳನ್ನು ಕತ್ತರಿಸುವ ಸಾಫ್ಟ್‌ವೇರ್‌ಗಳನ್ನು ಎಲ್ಲರೂ ಅಭ್ಯಾಸಬಲದಿಂದ ಓಡಿಸುತ್ತಾರೆ. ಒಂದೇ ಜೀನಿನ ಮರಕ್ಕೆ ಇದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದಾಗುವುದೇ ಹೆಚ್ಚು ಅಂತ 2015ರಲ್ಲಿ ಬಂದ ದೊಡ್ಡ ಹೋಲಿಕೆಯೊಂದು ತೋರಿಸಿತು. ಇರುವುದೇ 65 ಅಂಕಣ. ಅದರಲ್ಲಿ 20 ಕತ್ತರಿಸಿದರೆ ಉಳಿಯುವುದೇನು? ಹೆಚ್ಚಿನವರಲ್ಲಿ ಖಾಲಿ ಇರುವ ಅಂಕಣಗಳನ್ನು ಮಾತ್ರ ತೆಗೆಯಿರಿ, ಉಳಿದದ್ದನ್ನು ಬಿಡಿ.

ಹಂತ 3: ಮೊದಲ ಮರ, ಮತ್ತು ಪ್ರತಿ ಕವಲಿನ ಬೆಂಬಲ

ಮರ ಕಟ್ಟುವ ಸಾಫ್ಟ್‌ವೇರ್ ಐಕ್ಯೂ-ಟ್ರೀ ಅಥವಾ ರ್ಯಾಕ್ಸ್‌ಎಂಎಲ್-ಎನ್‌ಜಿ ಯಾವುದಾದರೂ ಸರಿ. ಮಾದರಿಯನ್ನು ಸಾಫ್ಟ್‌ವೇರೇ ಆರಿಸಲಿ. ಒಂದೇ ಸಲ ಓಡಿಸಿ ಬಿಡಬೇಡಿ. ಬೇರೆ ಬೇರೆ ಆರಂಭಗಳಿಂದ ಕಡೇಪಕ್ಷ ಹತ್ತು ಸಲ ಓಡಿಸಿ. ಹತ್ತು ಸಲವೂ ಬೇರೆ ಬೇರೆ ಆಕಾರ ಬಂದು, ಅಂಕಗಳು ಮಾತ್ರ ಹತ್ತಿರ ಹತ್ತಿರ ಇದ್ದರೆ ನಿಮ್ಮ ಡೇಟಾ ಬಡವಾಗಿದೆ ಅಂತ ಅರ್ಥ. ಇದನ್ನು ಮುಂಚೆಯೇ ತಿಳಿದುಕೊಳ್ಳುವುದು ಒಳ್ಳೆಯದು.

ಜೊತೆಗೆ ಬೆಂಬಲದ ಅಂಕಗಳನ್ನು ತೆಗೆಯಿರಿ. ಬೂಟ್‌ಸ್ಟ್ರ್ಯಾಪ್ ಅಂದರೆ ಅಂಕಣಗಳನ್ನು ಮತ್ತೆ ಮತ್ತೆ ಚೀಟಿ ಎತ್ತಿದ ಹಾಗೆ ಆರಿಸಿ ಮರ ಕಟ್ಟಿ, ಒಂದು ಕವಲು ನೂರರಲ್ಲಿ ಎಷ್ಟು ಸಲ ಬಂತು ಅಂತ ಎಣಿಸುವುದು. ಮಾಮೂಲಿ ಬೂಟ್‌ಸ್ಟ್ರ್ಯಾಪ್‌ನಲ್ಲಿ 70ಕ್ಕಿಂತ ಮೇಲಿದ್ದರೆ ಕವಲನ್ನು ನಂಬುವ ರೂಢಿ ಇದೆ. ಐಕ್ಯೂ-ಟ್ರೀಯ ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರ್ಯಾಪ್‌ಗೆ ಗಡಿ 95. ಇವೆರಡನ್ನು ಒಂದೇ ಅಳತೆ ಅಂದುಕೊಂಡು 80 ಬಂದ ಕವಲನ್ನು ಗಟ್ಟಿ ಅಂತ ಬರೆದವರನ್ನು ಬಹಳ ನೋಡಿದ್ದೇನೆ. ಅದು ಗಟ್ಟಿಯಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸ ಮಾಡುವವರಿಗೆ ಒಂದು ವಿಷಯ. ಐಕ್ಯೂ-ಟ್ರೀ ಆಗಾಗ ತಾನು ಎಲ್ಲಿಗೆ ಬಂದೆ ಅಂತ ಬರೆದಿಡುತ್ತದೆ. ಕರೆಂಟು ಹೋಗಿ ಬ್ಯಾಟರಿ ಮುಗಿದರೂ ಅದೇ ಆದೇಶವನ್ನು ಮತ್ತೆ ಕೊಟ್ಟರೆ ನಿಂತ ಕಡೆಯಿಂದ ಮುಂದುವರಿಯುತ್ತದೆ. ಫೈಲ್‌ಗಳನ್ನು ಅಳಿಸಿ ಹೊಸದಾಗಿ ಶುರು ಮಾಡಬೇಡಿ.

ಹಂತ 4: ಪ್ರಭೇದಗಳ ಮರ

ತಿದ್ದಲು ಒಂದು ಆಧಾರ ಬೇಕು. ಅದು ನೀವು ತಿದ್ದಲು ಹೊರಟ ಜೀನಿನಿಂದಲೇ ಕಟ್ಟಿದ್ದಾಗಿರಬಾರದು. ನೂರಾರು ಬೇರೆ ಜೀನುಗಳಿಂದ ಕಟ್ಟಿದ, ಪ್ರಕಟವಾದ ಮರ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ, ಹಲವು ಜೀನ್ ಮರಗಳಿಂದ ಪ್ರಭೇದಗಳ ಮರ ಕಟ್ಟುವ ಆಸ್ಟ್ರಲ್ ಸಾಫ್ಟ್‌ವೇರ್‌ನಲ್ಲಿ ನೀವೇ ಕಟ್ಟಿ. ಹಲವು ಪ್ರತಿಗಳಿರುವ ಕುಟುಂಬಗಳಿಗೆ ಆಸ್ಟ್ರಲ್-ಪ್ರೊ ಇದೆ.

ಹಾವುಗಳಲ್ಲಿ ಹೆಬ್ಬಾವು ಹೊರಗೆ, ಆಮೇಲೆ ಮಂಡಲಗಳು, ಒಳಗೆ ನಾಗರ, ಕಾಳಿಂಗ, ಕಟ್ಟುಹಾವುಗಳ ಗುಂಪು. ಇಷ್ಟು ಗಟ್ಟಿ. ಆದರೆ ಆ ಒಳಗಿನ ಮೂರರಲ್ಲಿ ಯಾರು ಯಾರಿಗೆ ಹತ್ತಿರ ಅನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಹೀಗಿರುವಾಗ ಒಂದೇ ಮರ ಹಿಡಿದು ತಿದ್ದಿದರೆ ಆ ಮರದ ತಪ್ಪು ಎಲ್ಲ ಬಳ್ಳಿಗಳಿಗೂ ಅಂಟುತ್ತದೆ. ಅನುಮಾನ ಇರುವ ಕಡೆ ಎರಡು ಮೂರು ಮರಗಳನ್ನು ಇಟ್ಟುಕೊಂಡು ಮುಂದಿನ ಹಂತಗಳನ್ನು ಪ್ರತಿಯೊಂದಕ್ಕೂ ಮಾಡಿ. ಯಾವ ಮರ ಹಿಡಿದರೂ ಬದಲಾಗದೆ ಉಳಿಯುವ ಇಮ್ಮಡಿಗಳನ್ನಷ್ಟೇ ಗಟ್ಟಿಯಾಗಿ ಹೇಳಿ.

ಹಂತ 5: ಒಮ್ಮೆ ಕೈಯಲ್ಲೇ ತಾಳೆ ಹಾಕಿ

ಸಾಫ್ಟ್‌ವೇರ್ ಮುಟ್ಟುವ ಮೊದಲು ಕಾಗದ, ಪೆನ್ಸಿಲ್ ಹಿಡಿದು ಇದನ್ನು ಮಾಡಲೇಬೇಕು. ಜೀನ್ ವಂಶವನ್ನು ಪ್ರಭೇದದ ವಂಶದೊಳಗೆ ಕೂರಿಸುವ ಈ ಯೋಚನೆಯನ್ನು ಮೋರಿಸ್ ಗುಡ್‌ಮನ್ ಮತ್ತು ಜೊತೆಗಾರರು 1979ರಲ್ಲಿ ರಕ್ತದ ಗ್ಲೋಬಿನ್ ಜೀನುಗಳಿಗೆ ಹಚ್ಚಿ ತೋರಿಸಿದರು.

ನಾಲ್ಕು ಹಾವುಗಳು ಸಾಕು. ಒಂದೇ ಆವರಣದೊಳಗೆ ಇರುವವು ಹತ್ತಿರದ ನೆಂಟರು. ಪ್ರಭೇದಗಳ ಮರ ಹೀಗಿರಲಿ: (ಹೆಬ್ಬಾವು, (ಮಂಡಲ, (ನಾಗರ, ಕಾಳಿಂಗ))). ಒಂದು ಜೀನ್ ಇದೆ, ನಾಲ್ಕು ಹಾವುಗಳಲ್ಲೂ ಒಂದೊಂದೇ ಪ್ರತಿ. ಆದರೆ ನಿಮ್ಮ ಜೀನ್ ಮರ ಹೀಗೆ ಬಂತು: (ಹೆಬ್ಬಾವು, (ನಾಗರ, (ಮಂಡಲ, ಕಾಳಿಂಗ))). ಒಂದು ಕವಲಷ್ಟೇ ತಪ್ಪಿದೆ.

ಜೀನ್ ಮರದ ಪ್ರತಿ ಗಂಟಿಗೂ, ಅಂದರೆ ಕವಲೊಡೆಯುವ ಜಾಗಕ್ಕೂ, ಒಂದೇ ಪ್ರಶ್ನೆ ಕೇಳಿ: ಈ ಗಂಟಿನಿಂದ ಬಂದ ಎಲ್ಲ ಹಾವುಗಳಿಗೂ ಸೇರಿದ ತೀರಾ ಹತ್ತಿರದ ಹಿರಿಯರು ಪ್ರಭೇದಗಳ ಮರದಲ್ಲಿ ಯಾರು? ಮಂಡಲ ಮತ್ತು ಕಾಳಿಂಗ ಸೇರುವ ಗಂಟಿಗೆ ಉತ್ತರ, ಮಂಡಲ-ನಾಗರ-ಕಾಳಿಂಗ ಮೂವರ ಹಿರಿಯ. ಅದಕ್ಕಿಂತ ಬುಡದ ಕಡೆಯ ಗಂಟಿನಲ್ಲಿ ನಾಗರವೂ ಸೇರುತ್ತದೆ. ಅದಕ್ಕೂ ಉತ್ತರ ಅದೇ ಹಿರಿಯ. ತಾಯಿ ಗಂಟೂ ಮಗಳ ಗಂಟೂ ಒಬ್ಬರಲ್ಲೇ ಹೋಗಿ ನಿಂತರೆ, ಅಲ್ಲಿ ಇಮ್ಮಡಿ ನಡೆದಿದೆ ಅಂತ ಲೆಕ್ಕ.

ಈಗ ನಷ್ಟ ಎಣಿಸಿ. ಆ ಹಿರಿಯನಲ್ಲಿ ಜೀನ್ ಎರಡಾಯಿತು. ಮೊದಲನೆಯ ಪ್ರತಿ ನಾಗರದಲ್ಲಿ ಮಾತ್ರ ಉಳಿದಿದೆ. ಹಾಗಾದರೆ ಅದು ಮಂಡಲದಲ್ಲೂ ಕಾಳಿಂಗದಲ್ಲೂ ಕಳೆದುಹೋಗಿರಬೇಕು. ಎರಡನೆಯ ಪ್ರತಿ ಮಂಡಲ, ಕಾಳಿಂಗಗಳಲ್ಲಿ ಇದೆ, ನಾಗರದಲ್ಲಿ ಕಳೆದಿದೆ. ಒಟ್ಟು ಒಂದು ಇಮ್ಮಡಿ, ಮೂರು ನಷ್ಟ. ನೋಟಂಗ್ ಸಾಫ್ಟ್‌ವೇರ್‌ನ ಮಾಮೂಲಿ ದರದಲ್ಲಿ ಇಮ್ಮಡಿಗೆ 1.5, ನಷ್ಟಕ್ಕೆ 1. ಹಾಗಾಗಿ ಈ ಬಳ್ಳಿಯ ಬೆಲೆ 4.5. ಸರಿಯಾದ ಬಳ್ಳಿಯ ಬೆಲೆ ಸೊನ್ನೆ.

ಒಂದು ಕವಲಿನ ತಪ್ಪಿಗೆ ನಾಲ್ಕು ಸುಳ್ಳು ಘಟನೆಗಳು. ಅವು ಎಲ್ಲಿ ಕೂತವು ಅಂತಲೂ ನೋಡಿ. ಇಮ್ಮಡಿ ಬುಡದ ಕಡೆ ಸರಿಯಿತು, ನಷ್ಟಗಳು ತುದಿಯಲ್ಲಿ ಹರಡಿದವು. ಇದು ಈ ಉದಾಹರಣೆಗೆ ಮಾತ್ರ ಸೀಮಿತವಲ್ಲ. ಜೀನ್ ಮರದ ತಪ್ಪು ಯಾವಾಗಲೂ ಇದೇ ಕಡೆ ವಾಲುತ್ತದೆ ಅಂತ 2007ರಲ್ಲಿ ಮ್ಯಾಥ್ಯೂ ಹಾನ್ ತೋರಿಸಿಕೊಟ್ಟರು. ತುಂಬಾ ಹಳೆಯ ಇಮ್ಮಡಿಗಳು, ಆಮೇಲೆ ರಾಶಿ ರಾಶಿ ನಷ್ಟ ಅನ್ನುವ ಫಲಿತಾಂಶ ಎಲ್ಲಾದರೂ ಕಂಡರೆ ನನಗೆ ಮೊದಲು ಬರುವ ಅನುಮಾನ ಇದೇ.

ಹಂತ 6: ಬುಡ

ಮೇಲಿನ ಲೆಕ್ಕವೆಲ್ಲ ಬುಡ ಸರಿಯಿದ್ದರೆ ಮಾತ್ರ ಸರಿ. ಕವಲುಗಳೆಲ್ಲ ಸರಿಯಿದ್ದು ಬುಡ ಒಂದು ತಪ್ಪಿದರೂ ಸುಳ್ಳು ಇಮ್ಮಡಿಗಳು ಬರುತ್ತವೆ. ಮೂರು ಬೆರಳಿನ ಟಾಕ್ಸಿನ್‌ಗಳಿಗೆ ವಿಷವಲ್ಲದ ನೆಂಟರಿದ್ದಾರೆ, ಎಲ್‌ವೈ6 ಕುಟುಂಬದವರು. ಅವರನ್ನು ಹೊರಗುಂಪಾಗಿ, ಅಂದರೆ ಬುಡ ಎಲ್ಲಿ ಅಂತ ತೋರಿಸುವ ಹೊರಗಿನವರಾಗಿ, ಇಡಬಹುದು. ಆದರೆ ಅವರು ದೂರದವರು, ಉದ್ದ ಕವಲಿನವರು. ಆ ಕವಲು ಯಾವುದೋ ವೇಗದ ಟಾಕ್ಸಿನ್ ಕಡೆ ಸೆಳೆಯಲ್ಪಡಬಹುದು. ಆದ್ದರಿಂದ ಬುಡವನ್ನು ಪ್ರತಿ ಕವಲಿನ ಮೇಲೂ ಇಟ್ಟು ನೋಡಿ, ತಾಳೆಯ ಬೆಲೆ ಕಡಿಮೆ ಬರುವ ಜಾಗಗಳನ್ನು ಗುರುತಿಸಿ. ನೋಟಂಗ್ ಇದನ್ನು ತಾನೇ ಮಾಡಿ, ಕವಲುಗಳಿಗೆ ಬಣ್ಣ ಹಚ್ಚಿ ತೋರಿಸುತ್ತದೆ.

ಹಂತ 7: ತಿದ್ದುವುದು

ಮೂರು ದಾರಿಗಳಿವೆ. ಮೂರರ ಹಿಂದೆಯೂ ಒಂದೇ ನಿಯಮ, ಇದನ್ನು ಮರೆಯಬೇಡಿ: ಸೀಕ್ವೆನ್ಸ್ ಸುಮ್ಮನಿರುವ ಕಡೆ ಮಾತ್ರ ಪ್ರಭೇದಗಳ ಮರದ ಮಾತು ಕೇಳಬೇಕು. ಸೀಕ್ವೆನ್ಸ್ ಸ್ಪಷ್ಟವಾಗಿ ಮಾತಾಡುವ ಕಡೆ ಅದರ ಬಾಯಿ ಮುಚ್ಚಿಸಬಾರದು.

ಮೊದಲ ದಾರಿ ಸರಳ. ಬೆಂಬಲ ಕಡಿಮೆಯಿರುವ ಕವಲುಗಳನ್ನು ಬಿಡಿಸಿ, ಇಮ್ಮಡಿ ಮತ್ತು ನಷ್ಟದ ಬೆಲೆ ಕಡಿಮೆಯಾಗುವ ಹಾಗೆ ಮತ್ತೆ ಕಟ್ಟುವುದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡ್ಯಾನಿ ಡ್ಯೂರಂಡ್ ತಂಡದ ನೋಟಂಗ್ ಇದನ್ನು ಮಾಡುತ್ತದೆ. ಕಿಟಕಿ ತೆರೆದು, ಮರ ನೋಡುತ್ತಾ, ಗಡಿ ಬದಲಿಸುತ್ತಾ ಕೆಲಸ ಮಾಡಬಹುದು. ಕಲಿಯುವವರಿಗೆ ನಾನು ಕೊಡುವುದು ಇದನ್ನೇ. ಇದರ ದೋಷ, ಗಡಿಯನ್ನು ನಾವೇ ಇಡಬೇಕು. 70 ಇಟ್ಟರೆ ಒಂದು ಮರ, 90 ಇಟ್ಟರೆ ಇನ್ನೊಂದು. ಎರಡು ಮೂರು ಗಡಿಗಳಲ್ಲಿ ಮಾಡಿ ವ್ಯತ್ಯಾಸ ನೋಡಿ. ಗಡಿಯನ್ನು ಜಾಸ್ತಿ ಏರಿಸಿದಷ್ಟೂ ಬಳ್ಳಿ ಮರದ ನಕಲಾಗುತ್ತಾ ಹೋಗುತ್ತದೆ.

ಎರಡನೆಯ ದಾರಿ ಟ್ರೀಫಿಕ್ಸ್, 2013ರದ್ದು. ಇದು ಒಂದೊಂದು ಕವಲಿನ ಬೆಂಬಲ ನೋಡುವುದಿಲ್ಲ. ಇಡೀ ಮರವನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋಗುತ್ತದೆ. ಪ್ರತಿ ಹೊಸ ಆಕಾರಕ್ಕೂ ಒಂದು ಪರೀಕ್ಷೆ: ಸೀಕ್ವೆನ್ಸ್ ದೃಷ್ಟಿಯಲ್ಲಿ ಇದು ಮೊದಲ ಮರಕ್ಕಿಂತ ನಿಜಕ್ಕೂ ಕೆಟ್ಟದ್ದಾ, ಅಥವಾ ಸಮವಾ? ಇದಕ್ಕೆ ಶಿಮೋಡೈರಾ ಮತ್ತು ಹಾಸೆಗಾವಾ 1999ರಲ್ಲಿ ಕೊಟ್ಟ ಪರೀಕ್ಷೆಯನ್ನು ಬಳಸುತ್ತದೆ. ಸಮ ಅನ್ನಿಸಿದ ಆಕಾರಗಳಲ್ಲಿ ತಾಳೆಯ ಬೆಲೆ ಕಡಿಮೆಯಿರುವುದನ್ನು ಆರಿಸುತ್ತದೆ. ಮೇಲೆ ಹೇಳಿದ ನಿಯಮವನ್ನು ಇಷ್ಟು ನೇರವಾಗಿ ಪಾಲಿಸುವುದರಿಂದ ಈ ವಿಧಾನ ನನಗೆ ಬಹಳ ಇಷ್ಟ. ಅಡ್ಡ ವರ್ಗಾವಣೆ ಇರುವ ಬ್ಯಾಕ್ಟೀರಿಯಾಗಳಿಗೆ ಇದರದೇ ಇನ್ನೊಂದು ರೂಪ ಟ್ರೀಫಿಕ್ಸ್-ಡಿಟಿಎಲ್ ಇದೆ.

ಮೂರನೆಯದು ಜೀನ್‌ರ್ಯಾಕ್ಸ್, 2020ರದ್ದು. ಸೀಕ್ವೆನ್ಸ್‌ನ ಸಂಭವನೀಯತೆಯನ್ನೂ ಇಮ್ಮಡಿ-ನಷ್ಟಗಳ ಸಂಭವನೀಯತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಗಡಿ ಇಡುವ, ದರ ಊಹಿಸುವ ತಾಪತ್ರಯ ಇಲ್ಲ. ದರವನ್ನು ಡೇಟಾದಿಂದಲೇ ಲೆಕ್ಕ ಹಾಕುತ್ತದೆ. ಅದಕ್ಕೇ ಒಂದೇ ಒಂದು ಕುಟುಂಬ ಕೊಟ್ಟು ಓಡಿಸಬೇಡಿ, ದರದ ಅಂದಾಜು ಅಲುಗಾಡುತ್ತದೆ. ಹಲವು ಕುಟುಂಬಗಳನ್ನು ಒಟ್ಟಿಗೆ ಕೊಡಿ. ಹಾವುಗಳಂಥ ಪ್ರಾಣಿಗಳಿಗೆ ಇಮ್ಮಡಿ ಮತ್ತು ನಷ್ಟ ಮಾತ್ರ ಇರುವ ಮಾದರಿ ಆರಿಸಿ. ವರ್ಗಾವಣೆಗೂ ಅವಕಾಶ ಕೊಟ್ಟರೆ, ಉಳಿದ ತಪ್ಪುಗಳೆಲ್ಲ ಹಾವಿಂದ ಹಾವಿಗೆ ಜೀನ್ ಹಾರಿದ ಕತೆಯಾಗಿ ಹೊರಬರುತ್ತವೆ.

ಯಾವುದನ್ನು ಆರಿಸಬೇಕು? ಕಲಿಯಲು ನೋಟಂಗ್. ಕುಟುಂಬ ಒಂದೆರಡೇ ಇದ್ದರೆ ಟ್ರೀಫಿಕ್ಸ್. ನೂರಾರು ಇದ್ದರೆ ಜೀನ್‌ರ್ಯಾಕ್ಸ್.

ಹಂತ 8: ತಿದ್ದಿದ್ದು ಸರಿಯಾಯಿತಾ?

ಇಮ್ಮಡಿ, ನಷ್ಟಗಳ ಸಂಖ್ಯೆ ಇಳಿಯಿತು ಅನ್ನುವುದು ಸಾಕ್ಷಿಯಲ್ಲ. ಇಳಿಸಲೆಂದೇ ತಿದ್ದಿದ್ದೇವೆ, ಇಳಿದೇ ಇಳಿಯುತ್ತದೆ. ಹೊರಗಿನ ಸಾಕ್ಷಿ ಬೇಕು.

ಒಂದು, ಮೂಲ ಮರ ಮತ್ತು ತಿದ್ದಿದ ಮರ ಎರಡನ್ನೂ ಐಕ್ಯೂ-ಟ್ರೀಗೆ ಕೊಟ್ಟು ಎಯು ಪರೀಕ್ಷೆ ಮಾಡಿ. ಸೀಕ್ವೆನ್ಸ್ ದೃಷ್ಟಿಯಲ್ಲಿ ಒಂದು ಮರ ಇನ್ನೊಂದಕ್ಕಿಂತ ನಿಜಕ್ಕೂ ಕೆಟ್ಟದ್ದಾ ಅಂತ ಇದು ಹೇಳುತ್ತದೆ. ತಿದ್ದಿದ ಮರದ ಅಂಕ 0.05ಕ್ಕಿಂತ ಕೆಳಗೆ ಬಿದ್ದರೆ ಸೀಕ್ವೆನ್ಸ್ ಅದನ್ನು ಒಪ್ಪುತ್ತಿಲ್ಲ. ನೀವು ಜಾಸ್ತಿ ತಿದ್ದಿದ್ದೀರಿ.

ಎರಡು, ಉಳಿದ ಪ್ರತಿ ಇಮ್ಮಡಿಯ ಎರಡೂ ಕಡೆ ಯಾವ ಯಾವ ಪ್ರಭೇದಗಳಿವೆ ನೋಡಿ. ಎರಡೂ ಕಡೆ ಇರುವವರ ಸಂಖ್ಯೆಯನ್ನು ಒಟ್ಟು ಪ್ರಭೇದಗಳ ಸಂಖ್ಯೆಯಿಂದ ಭಾಗಿಸಿ. ನಮ್ಮ ಉದಾಹರಣೆಯ ಸುಳ್ಳು ಇಮ್ಮಡಿಯಲ್ಲಿ ಒಂದು ಕಡೆ ನಾಗರ, ಇನ್ನೊಂದು ಕಡೆ ಮಂಡಲ ಮತ್ತು ಕಾಳಿಂಗ. ಎರಡೂ ಕಡೆ ಇರುವವರು ಯಾರೂ ಇಲ್ಲ. ಮೂರರಲ್ಲಿ ಸೊನ್ನೆ. ಅಂಥ ಇಮ್ಮಡಿಗೆ ಯಾವ ಜೀವಂತ ಹಾವೂ ಸಾಕ್ಷಿ ಹೇಳುತ್ತಿಲ್ಲ. ಜೀನೋಮ್‌ಗಳ ಎನ್ಸೆಂಬಲ್ ಡೇಟಾಬೇಸ್ ಕೂಡ ಇಮ್ಮಡಿಗಳನ್ನು ಹೀಗೇ ಅಳೆಯುತ್ತದೆ.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ: ಜೀನೋಮ್‌ನಲ್ಲಿ ನೆರೆಹೊರೆ. ಎರಡು ಹಾವುಗಳಲ್ಲಿ ಒಂದು ಜೀನಿನ ಎಡಬಲದ ಜೀನುಗಳೂ ಅವೇ ಆಗಿದ್ದರೆ, ಅವು ನಿಜಕ್ಕೂ ಒಂದೇ ಜಾಗದ ವಾರಸುದಾರರು. ತೋಟದ ಗಡಿ ಬಗ್ಗೆ ಕಾಗದಪತ್ರದಲ್ಲಿ ಗೊಂದಲ ಇದ್ದಾಗ ಚೆಕ್ಕುಬಂದಿ ನೋಡುತ್ತೇವಲ್ಲ, ಹಾಗೆ. ಭಾರತದ ನಾಗರಹಾವಿನ ಒಳ್ಳೆಯ ಜೀನೋಮ್ 2020ರಲ್ಲಿ ಬಂದ ಮೇಲೆ ಈ ಪರಿಶೀಲನೆ ಸುಲಭವಾಗಿದೆ. ಒಂದು ಎಚ್ಚರಿಕೆ ಮಾತ್ರ: ಸಾಲಾಗಿ ಒತ್ತೊತ್ತಾಗಿ ಕೂತ ಪ್ರತಿಗಳು ಒಂದರ ತುಣುಕನ್ನು ಇನ್ನೊಂದಕ್ಕೆ ನಕಲು ಮಾಡಿಕೊಳ್ಳುತ್ತವೆ. ಆಗ ಒಂದೇ ಜೀನಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಬಳ್ಳಿ ಇರುತ್ತದೆ. ಅಲ್ಲಿ ಭಾಗ ಮಾಡಿ ಮರ ಕಟ್ಟುವುದೊಂದೇ ದಾರಿ.

ತಿದ್ದಬಾರದ ಜಾಗ

ಬಳ್ಳಿ ಮರಕ್ಕೆ ಹೊಂದದೆ ಇರುವುದಕ್ಕೆ ಇನ್ನೊಂದು ನಿಜವಾದ ಕಾರಣ ಇದೆ. ಪ್ರಭೇದಗಳು ಬೇಗ ಬೇಗ ಬೇರೆಯಾದಾಗ, ಹಿರಿಯರಲ್ಲಿದ್ದ ಜೀನಿನ ಬಗೆಗಳು ಪೂರ್ತಿ ವಿಂಗಡಣೆ ಆಗುವ ಮೊದಲೇ ಮುಂದಿನ ಕವಲು ಬಂದುಬಿಡುತ್ತದೆ. ಅಲ್ಲಿ ಇಮ್ಮಡಿಯೂ ಇಲ್ಲ, ನಷ್ಟವೂ ಇಲ್ಲ, ಆದರೂ ಬಳ್ಳಿ ಬೇರೆ. ಮೂರು ಪ್ರಭೇದಗಳಿದ್ದಾಗ ಹೀಗಾಗುವ ಸಾಧ್ಯತೆಗೆ ಸೂತ್ರ ಇದೆ: ಮೂರನೇ ಎರಡನ್ನು, ಇ ಸಂಖ್ಯೆಯ (ಸುಮಾರು 2.718) ಋಣ ಟಿ ಘಾತದಿಂದ ಗುಣಿಸಬೇಕು. ಟಿ ಅಂದರೆ ನಡುವಿನ ಕವಲಿನ ಉದ್ದ. ಅದನ್ನು ಅಳೆಯುವುದು ಸಂಖ್ಯಾಬಲದ ಎರಡರಷ್ಟು ತಲೆಮಾರುಗಳ ಲೆಕ್ಕದಲ್ಲಿ. ಟಿ 1 ಆದರೆ ನೂರರಲ್ಲಿ ಸುಮಾರು 25 ಜೀನುಗಳು ಹೊಂದುವುದಿಲ್ಲ. 3 ಆದರೆ ಮೂರು ಚಿಲ್ಲರೆ ಮಾತ್ರ. ಹಿರಿಯರ ಸಂಖ್ಯೆ 50,000, ತಲೆಮಾರಿಗೆ 4 ವರ್ಷ ಅಂದುಕೊಂಡರೆ ಟಿ 1 ಅಂದರೆ 4 ಲಕ್ಷ ವರ್ಷ.

ಪತ್ತೆ ಹಚ್ಚುವುದು ಹೀಗೆ. ಒಂದೇ ಪ್ರತಿಯಿರುವ ಬಹಳಷ್ಟು ಜೀನುಗಳನ್ನು ತೆಗೆದುಕೊಂಡು, ಆ ಕವಲಿಗೆ ಇರುವ ಮೂರು ಆಕಾರಗಳಲ್ಲಿ ಯಾವುದು ಎಷ್ಟು ಸಲ ಬಂತು ಎಣಿಸಿ. ಹೊಂದದ ಎರಡು ಆಕಾರಗಳು ಹೆಚ್ಚುಕಡಿಮೆ ಸಮ ಬಂದರೆ ಈ ಕಾರಣವೇ ಇರಬಹುದು. ಒಂದು ತುಂಬಾ ಜಾಸ್ತಿ ಬಂದರೆ ಪ್ರಭೇದಗಳ ನಡುವೆ ಬೆರಕೆ ಅಥವಾ ಉದ್ದ ಕವಲುಗಳ ಸೆಳೆತ ಇದೆಯಾ ನೋಡಿ. ಅಂಥ ಕವಲಿನಲ್ಲಿ ಇಮ್ಮಡಿ-ನಷ್ಟದ ಲೆಕ್ಕದಿಂದ ತಿದ್ದಿದರೆ ನಿಜವಾದ ಚರಿತ್ರೆಯನ್ನೇ ಅಳಿಸಿದಂತಾಗುತ್ತದೆ.

ನಾನು ಕಲಿಸಲು ಬಳಸುವ ಕುಟುಂಬದಲ್ಲಿ ನಾಗರ, ಕಾಳಿಂಗ, ಕಟ್ಟುಹಾವು ಸೇರುವ ಒಂದು ಗಂಟು ಹೀಗೇ ಇದೆ. ಸೀಕ್ವೆನ್ಸ್ ಏನೂ ಹೇಳುವುದಿಲ್ಲ, ಪ್ರಭೇದಗಳ ಮರವೂ ಅಲ್ಲಿ ಖಚಿತವಿಲ್ಲ. ಮೂಲ ಮರ, ತಿದ್ದಿದ ಮರ, ಬಳಸಿದ ಗಡಿ ಮತ್ತು ದರ, ಪ್ರಭೇದಗಳ ಮೂರು ಮರಗಳು, ಎಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ತಿದ್ದಿದ ಮರದಲ್ಲಿ ಆ ಒಂದು ಗಂಟಿನಿಂದ ಮಾತ್ರ ಎರಡರ ಬದಲು ಮೂರು ಕವಲು ಹೊರಡುತ್ತವೆ. ಆಗುಂಬೆಯ ಕಾಳಿಂಗದ ಒಳ್ಳೆಯ ಜೀನೋಮ್ ಕೈಗೆ ಸಿಗುವವರೆಗೂ ಅದನ್ನು ಹಾಗೆಯೇ ಬಿಟ್ಟಿರುತ್ತೇನೆ.